ಅರಿಶಿನ ಕುಂಕುಮದ ವಾದ

ವಾಣಿಶ್ರೀಯನ್ನು ಕಂಡರೆ ಮೊದಲ ಒಂದು ವರ್ಷ ನನಗೆ ಮೈ ಉರಿಯುತ್ತಿತ್ತು. ಇದನ್ನು ಮುಚ್ಚಿಟ್ಟು ಅವಳ ಬಗ್ಗೆ ಬರೆದರೆ ಸುಳ್ಳು ಬರೆದಂತಾಗುತ್ತದೆ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ನನ್ನ ಹೆಸರು ಪ್ರಮೋದಾ. ಹೊಸಕೋಟೆಯಾಚೆಯ ಒಂದು ವಿಶ್ವವಿದ್ಯಾಲಯದಲ್ಲಿ ಹನ್ನೊಂದು ವರ್ಷದಿಂದ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷ ಒಂದೇ ಮನೆಯಲ್ಲಿ ಉಂಡವರನ್ನು ಯಾರೂ ಅತಿಥಿ ಅನ್ನುವುದಿಲ್ಲ, ನಮ್ಮನ್ನು ಮಾತ್ರ ಅನ್ನುತ್ತಾರೆ. ಆ ಸಿಟ್ಟು ಬೇರೆ, ಅದನ್ನು ಇಲ್ಲಿ ಎಳೆದು ತರುವುದಿಲ್ಲ. ವಾಣಿಶ್ರೀ ನಮ್ಮ ವಿಭಾಗದಲ್ಲಿ ಎಂ.ಎ. ಓದುತ್ತಿದ್ದ ಸಮೇತನಹಳ್ಳಿಯ ಹುಡುಗಿ, ಮೂರು ತಲೆಮಾರಿನಿಂದ ಊರಲ್ಲಿ ಜಮೀನು ಉಳಿಸಿಕೊಂಡು ಬಂದ ಒಕ್ಕಲು ಮನೆಯವಳು.

ಎಣ್ಣೆ ಹಚ್ಚಿ ಬಿಗಿದ ಜಡೆ, ಹಣೆಗೆ ಕುಂಕುಮ, ಎರಡೂ ಕೈಗೆ ಗಾಜಿನ ಬಳೆ. ಹಾಸ್ಟೆಲ್ಲಿನ ಮೆಟ್ಟಿಲ ಪಕ್ಕ ಯಾರೋ ಬಿಸಾಕಿದ್ದ ಬಣ್ಣದ ಡಬ್ಬಿಗೆ ಮಣ್ಣು ತುಂಬಿ ತುಳಸಿ ನೆಟ್ಟಿದ್ದಳು. ಹೊಸಬರಿಗೆ ಸ್ವಾಗತ ಅಂತ ಡಿಜೆ ಹಾಕಿದ ದಿನ ಎಲ್ಲರೂ ಕುಣಿಯುತ್ತಿದ್ದರೆ ಇವಳು ಲೈಬ್ರರಿಯಲ್ಲಿ ಕೂತಿದ್ದಳು. ಹುಡುಗರು ಅವಳಿಗೆ ಅಜ್ಜಿ ಎಂದು ಹೆಸರಿಟ್ಟಿದ್ದರು. "ಏನಜ್ಜಿ" ಎಂದರೆ "ಏನಪ್ಪಾ ಮೊಮ್ಮಗನೇ, ಹಲ್ಲುಜ್ಜಿದ್ಯಾ" ಎಂದು ತಿರುಗಿ ಕೇಳುತ್ತಿದ್ದಳು. ಓದುವುದರಲ್ಲಿ ಅವಳಿಗೆ ಸಮ ಯಾರೂ ಇರಲಿಲ್ಲ. ಕೈಗೆ ಸಿಕ್ಕ ಕಾಗದವನ್ನು ಕೊನೆಯ ಸಾಲಿನವರೆಗೆ ಓದದೆ ಬಿಡುವ ಹುಡುಗಿಯಲ್ಲ. ನಾನು ಹೇಳಿದ ಪುಸ್ತಕದ ಅಡಿಟಿಪ್ಪಣಿಯನ್ನೂ ಓದಿ ಬಂದು, "ಮೇಡಂ, ಇಲ್ಲಿ ಲೇಖಕರು ನೀವು ಹೇಳಿದ್ದಕ್ಕೆ ಉಲ್ಟಾ ಹೇಳಿದಾರೆ" ಎಂದು ಎಲ್ಲರೆದುರು ತೋರಿಸುತ್ತಿದ್ದಳು.

ಒಮ್ಮೆ ಪಾಠದಲ್ಲಿ, ಮನುಷ್ಯ ಕಾಣುವ ಮೊದಲ ಸರ್ವಾಧಿಕಾರ ಅವನ ಕುಟುಂಬವೇ ಎಂದೆ. ಅವಳು ಎದ್ದು ನಿಂತಳು. "ಮೇಡಂ, ನಿಮಗೆ ಜ್ವರ ಬಂದ್ರೆ ಕಷಾಯ ಕಾಯ್ಸಿ ಕೊಡೋರು ಸರ್ವಾಧಿಕಾರೀನಾ?" ಕ್ಲಾಸು ಗೊಳ್ಳೆಂದಿತು. ಪಿತ್ತ ನೆತ್ತಿಗೇರಿ ಅರ್ಧ ಗಂಟೆ ಅವಳನ್ನು ನಿಲ್ಲಿಸಿಯೇ ಪಾಠ ಮಾಡಿದೆ. ಅವಳು ನಿಂತುಕೊಂಡೇ ನೋಟ್ಸ್ ಬರೆದುಕೊಂಡಳು.

ಇನ್ನೊಂದು ಮಾತಿದೆ. ಮದುವೆ ಅವರವರ ಜನದಲ್ಲೇ ಆಗಬೇಕು ಎನ್ನುವುದು ಅವಳ ಗಟ್ಟಿ ನಂಬಿಕೆ. ನಮ್ಮ ಮನೆ ಯಾವ ಕೇರಿಯಲ್ಲಿದೆ ಎನ್ನುವುದು ಅವಳಿಗೆ ಗೊತ್ತಿತ್ತು. ಸ್ಟಾಫ್ ರೂಮಿಗೆ ಬಂದಾಗ ನಾನು ಟಿಫನ್ ಡಬ್ಬಿ ಮುಂದೆ ತಳ್ಳಿದರೆ, "ಇವತ್ತು ಒಪ್ಪೊತ್ತು ಮೇಡಂ" ಎನ್ನುತ್ತಿದ್ದಳು. ಸೋಮವಾರವೂ ಒಪ್ಪೊತ್ತು, ಗುರುವಾರವೂ ಒಪ್ಪೊತ್ತು, ಶನಿವಾರವಂತೂ ಸರಿಯೇ ಸರಿ. ಅದು ದೇವರ ವ್ರತವೋ ನನ್ನ ಅನ್ನ ಉಣ್ಣದ ವ್ರತವೋ ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಕೊಟ್ಟುಬಿಡುತ್ತಾಳೆ ಎಂಬ ಭಯವಿತ್ತು. ಅವಳಿಗೆ ಸುಳ್ಳು ಹೇಳುವ ಅಭ್ಯಾಸ ಇರಲಿಲ್ಲ.

ನಮ್ಮ ಕ್ಯಾಂಪಸ್ಸಿನಲ್ಲಿ ಎರಡು ಗುಂಪು. ಒಂದು ಅನಿಲ್‌ಕುಮಾರನದು, ಸಂಸ್ಕೃತಿ ಪರಂಪರೆಯ ಮಾತಾಡುವವರು. ಇನ್ನೊಂದು ಚಲಪತಿಯದು, ಸಮಾನತೆ ಹೋರಾಟದ ಮಾತಾಡುವವರು. ಇಬ್ಬರಿಗೂ ಇರುವುದು ಕ್ಯಾಂಟೀನಿನ ಒಂದೇ ಗೋಡೆ, ಆದ್ದರಿಂದ ಬೆಳಿಗ್ಗೆ ಇವರ ಪೋಸ್ಟರ್ ಬಿದ್ದರೆ ಮಧ್ಯಾಹ್ನ ಅದರ ಮೇಲೆ ಅವರದು. ಹಾಸ್ಟೆಲ್ಲಿನಲ್ಲಿ ಮೊಟ್ಟೆ ಕೊಡಬೇಕೋ ಬೇಡವೋ ಎನ್ನುವುದರಿಂದ ಹಿಡಿದು ದೇಶ ಯಾರದು ಎನ್ನುವವರೆಗೆ ಜಗಳ. ವಾಣಿಶ್ರೀ ಅನಿಲನ ಗುಂಪಿನ ಮಾತುಗಾರ್ತಿ. ನಾನು ಚಲಪತಿಯ ಕಡೆ. ಬಾಯಲ್ಲಿ ಹೇಳುತ್ತಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು.

ತಿಂಗಳ ಕೊನೆಯ ಶುಕ್ರವಾರ ಚರ್ಚಾಕೂಟ. ಅದರ ಉಸ್ತುವಾರಿ ನನ್ನದು. ಐದು ನಿಮಿಷದ ಮಾತು, ನಾಲ್ಕನೆಯದಕ್ಕೆ ಒಂದು ಸಲ ಗಂಟೆ, ಐದನೆಯದಕ್ಕೆ ಎರಡು ಸಲ. ಗಂಟೆ ಬಾರಿಸುವವಳೂ ನಾನೇ, ಬಹುಮಾನ ಹೇಳುವವಳೂ ನಾನೇ. ಕಳೆದ ಆಗಸ್ಟಿನ ವಿಷಯ, ‘ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಸಮಪಾಲು ಕೊಟ್ಟ ಕಾನೂನು ಕುಟುಂಬವನ್ನು ಒಡೆದಿದೆ.’ ಈ ಕಡೆಯ ಹಳ್ಳಿಗಳಲ್ಲಿ ಭೂಮಿಯ ಬೆಲೆ ಆಕಾಶಕ್ಕೇರಿದ ಮೇಲೆ, ಅಕ್ಕತಂಗಿಯರ ಸಹಿಗಾಗಿ ಅಣ್ಣತಮ್ಮಂದಿರು ಏನೇನು ಮಾಡುತ್ತಾರೆ ಎನ್ನುವುದು ಎಲ್ಲ ಮನೆಗೂ ಗೊತ್ತು. ಈ ವಿಷಯದ ಪರವಾಗಿ ಯಾರು ನಿಂತರೂ ಹುಡುಗರು ಹುರಿದು ಮುಕ್ಕುತ್ತಾರೆ ಎಂದುಕೊಂಡೇ ನಾನು ಅದನ್ನು ಇಟ್ಟಿದ್ದೆ.

ಪರವಾಗಿ ನಿಂತವಳು ವಾಣಿಶ್ರೀ. ಕೈಯಲ್ಲಿ ಚೀಟಿ ಇರಲಿಲ್ಲ.

"ಮಾನ್ಯ ನಿರ್ಣಾಯಕರೇ, ನಮ್ಮೂರ ಹೆಣ್ಣುಮಕ್ಕಳು ದಡ್ಡಿಯರಲ್ಲ. ಪಾಲು ಕೇಳದೇ ಇರೋ ತನಕ ಇಡೀ ಮನೆ ನಮ್ಮದು. ಕೇಳಿದ ದಿನ ನಮ್ಮದು ಅಂತ ಉಳಿಯೋದು ಆ ಪಾಲೊಂದೇ. ಗೌರಿ ಹಬ್ಬಕ್ಕೆ ತವರಿಂದ ಅರಿಶಿನ ಕುಂಕುಮ ಬರುತ್ತಲ್ಲ, ಅದು ಒಂದು ಪೊಟ್ಟಣ ಪುಡಿ ಅಲ್ಲ. ನಿನ್ನ ಹಕ್ಕು ಇಲ್ಲೇ ಇದೆ, ಯಾವಾಗ ಬೇಕಾದ್ರೂ ಬಾ ಅಂತ ವರ್ಷ ವರ್ಷ ಬರೆದು ಕೊಡೋ ಪತ್ರ. ಅದಕ್ಕೆ ಸ್ಟಾಂಪು ಬೇಡ, ಸಾಕ್ಷಿ ಬೇಡ. ಆ ಪತ್ರ ಹರಿದು ಹಾಕಿ, ಕೈಗೊಂದು ತುಂಡು ನೆಲ ಕೊಟ್ಟು, ತಗೋ ಸಮಾನತೆ ಅಂತೀರ."

ಅನಿಲನ ಹುಡುಗರು ಬೆಂಚು ಬಡಿದರು. ವಿರೋಧಕ್ಕೆ ಎದ್ದ ಚಲಪತಿ ಕಾನೂನು, ಅಂಕಿಅಂಶ ಎಲ್ಲ ಹೇಳಿ, ಕೊನೆಗೆ ಅವಳ ಕಡೆ ತಿರುಗಿದ. "ಅಜ್ಜಿ, ನಿಮ್ಮಣ್ಣ ಮನೆಯಿಂದ ಆಚೆಗೆ ಹಾಕಿದ್ರೆ ಅರಿಶಿನ ಕುಂಕುಮ ಹಚ್ಕೊಂಡು ಬಸ್ ಸ್ಟ್ಯಾಂಡಲ್ಲಿ ಕೂತ್ಕೊಳ್ತೀಯಾ?"

"ನಮ್ಮಣ್ಣ ಅಂಥೋನಲ್ಲ," ಎಂದಳು ವಾಣಿಶ್ರೀ. ಅಷ್ಟೇ. ಅಣ್ಣ ಎಂದಾಗ ಅವಳ ದನಿ ಮೆತ್ತಗಾಯಿತು.

ಮೊದಲ ಬಹುಮಾನ ಅವಳಿಗೇ ಬರಬೇಕಿತ್ತು. ನಾನು ಚಲಪತಿಗೆ ಕೊಟ್ಟೆ. ಅವಳ ವಾದ ನನಗೆ ಹಿಡಿಸಲಿಲ್ಲ ಎನ್ನುವುದು ಒಂದೇ ಕಾರಣ. ಸಂಜೆ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಎರಡನೇದು ಬಂತು ಅಂತ ಬೇಜಾರಿಲ್ಲ ಮೇಡಂ. ನನ್ನ ಮಾತಲ್ಲಿ ತಪ್ಪೆಲ್ಲಿತ್ತು ಅದನ್ನ ಹೇಳಿ" ಎಂದಳು. ಹತ್ತು ಸೆಕೆಂಡು ಹೆಚ್ಚು ಮಾತಾಡಿದೆ ಎಂದೆ. ಹತ್ತು ಸೆಕೆಂಡು. ನನಗೇ ನಾಚಿಕೆಯಾಗಿ, ಆ ನಾಚಿಕೆಗೂ ಅವಳ ಮೇಲೇ ಸಿಟ್ಟು ಬಂತು.

ಅನಿಲ್‌ಕುಮಾರ ಅವಳ ಮಾತಿನ ವಿಡಿಯೊಗೆ ಹಿಂದಿನಿಂದ ಶಂಖದ ಸದ್ದು ಸೇರಿಸಿ, ‘ಮಣ್ಣಿನ ಮಗಳು’ ಎಂದು ಹೆಸರಿಟ್ಟು ಮೊಬೈಲಿಗೆಲ್ಲ ಹರಿಬಿಟ್ಟ. ಒಂದು ವಾರದಲ್ಲಿ ಅದು ತಾಲ್ಲೂಕಿನ ಎಲ್ಲ ವಾಟ್ಸಾಪ್ ಗುಂಪು ಸುತ್ತಿತು. ಅಕ್ಕತಂಗಿಯರಿಗೆ ಸಹಿ ಹಾಕಿಸಬೇಕಾದ ಅಣ್ಣಂದಿರೆಲ್ಲ ಅದನ್ನು ಅವರಿಗೆ ಕಳಿಸಿದರಂತೆ. ನಮ್ಮ ಕಚೇರಿಯ ಗುಮಾಸ್ತೆ ಗಂಗಲಕ್ಷ್ಮಮ್ಮನಿಗೂ ಅವರ ತಮ್ಮನಿಂದ ಬಂದಿತ್ತು. "ಆ ಹುಡ್ಗಿ ನನ್ ಕೈಗೆ ಸಿಗ್ಲಿ ಮೇಡಂ" ಎಂದು ಹಲ್ಲು ಕಡಿದರು.

ಸೆಪ್ಟೆಂಬರ್ ಮೊದಲ ವಾರ ವಾಣಿಶ್ರೀ ಎರಡು ದಿನ ಕ್ಲಾಸಿಗೆ ಬರಲಿಲ್ಲ. ಮೂರನೆಯ ದಿನ ಬಂದವಳು ನನ್ನೆದುರು ಕೂತು ವಿಷಯ ಹೇಳಿದಳು. ಅವರ ತಂದೆ ಅಪ್ಪಯ್ಯಣ್ಣ ತೀರಿಕೊಂಡು ಎರಡು ವರ್ಷ. ಈಗ ಅಣ್ಣ ವೇಣುಗೋಪಾಲ್ ಜಮೀನು ಪೂರ್ತಿ ಲೇಔಟಿನವರಿಗೆ ಮಾರಲು ಮಾತಾಡಿದ್ದಾನೆ. ಕ್ರಯಪತ್ರಕ್ಕೆ ತಾಯಿ ಮತ್ತು ತಂಗಿಯ ಸಹಿ ಬೇಕು. ತಂಗಿ ತಕರಾರು ಮಾಡುವುದಿಲ್ಲ ಎನ್ನುವುದಕ್ಕೆ ಪುರಾವೆಯಾಗಿ ಅವನು ಕೊಳ್ಳುವವರಿಗೆ ಆ ವಿಡಿಯೊ ತೋರಿಸಿದ್ದಾನೆ.

"ನನಗೆ ಪಾಲು ಬೇಡ ಮೇಡಂ," ಎಂದಳು. "ಆದ್ರೆ ನಮ್ಮಪ್ಪ ಅಲ್ಲೇ ಇರೋದು."

ಅವರಲ್ಲಿ ಸತ್ತವರನ್ನು ತಮ್ಮ ಜಮೀನಿನಲ್ಲೇ ಹೂಳುತ್ತಾರೆ. ತೆಂಕಣ ಮೂಲೆಯಲ್ಲಿ ತಾತ, ಅಜ್ಜಿ, ಈಗ ಅಪ್ಪ. ವರ್ಷಕ್ಕೊಮ್ಮೆ ಹಿರಿಯರ ಹಬ್ಬದ ದಿನ ಮನೆಮಂದಿ ಅಲ್ಲಿಗೆ ಹೋಗಿ ಎಡೆ ಇಟ್ಟು ಬರುತ್ತಾರೆ. ಲೇಔಟ್ ಆದರೆ ಅಲ್ಲಿ ಯಾರದೋ ಮನೆಯ ಕಾರು ನಿಲ್ಲುತ್ತದೆ.

ಅವಳು ಮೊದಲು ಹೋಗಿದ್ದು ತನ್ನವರ ಹತ್ತಿರವೇ. ಪರಂಪರೆ, ಹಿರಿಯರು, ಮಣ್ಣು ಎಂದು ದಿನಾ ಹೇಳುವ ಅನಿಲ್‌ಕುಮಾರ ಜೊತೆಗೆ ನಿಲ್ಲುತ್ತಾನೆ ಎಂದುಕೊಂಡಿದ್ದಳು. ಅವನು ಹೇಳಿದ್ದು ಇಷ್ಟು, "ಅಣ್ಣನ ಮಾತು ಕೇಳಮ್ಮ. ಅಷ್ಟು ಜನ ನೋಡಿರೋ ವಿಡಿಯೊ ಅದು, ಈಗ ನೀನು ಉಲ್ಟಾ ಹೊಡೆದ್ರೆ ನಮ್ಮ ಮರ್ಯಾದೆ ಏನಾಗಬೇಕು." ಅನಿಲನ ಗುಂಪಿನ ಸಮಾವೇಶಕ್ಕೆ ಫ್ಲೆಕ್ಸು, ಊಟ, ಬಸ್ಸು ಎಲ್ಲ ಹೊಂದಿಸುವವನು ವೇಣುಗೋಪಾಲನೇ ಎನ್ನುವುದನ್ನು ಅವನು ಹೇಳಲಿಲ್ಲ, ನನಗೆ ಬೇರೆಯವರಿಂದ ಗೊತ್ತಾಯಿತು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಆ ಹುಡುಗನನ್ನು ಕರೆದು ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ, ಅತಿಥಿಗಳು ಹಾಗೆಲ್ಲ ಮಾಡುವಂತಿಲ್ಲ.

ನಮ್ಮ ಕಡೆಯವರೇನು ಕಡಿಮೆಯೇ. ಸುದ್ದಿ ತಿಳಿದ ಮರುದಿನವೇ ಚಲಪತಿ ಕ್ಯಾಂಟೀನ್ ಗೋಡೆಗೆ ಅವಳ ಫೋಟೊ ಹಾಕಿ, ‘ಅಜ್ಜಿಗೆ ಜ್ಞಾನೋದಯ, ಪಾಲು ಕೇಳಿದ ವಾಣಿಶ್ರೀ’ ಎಂದು ಅಂಟಿಸಿದ. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂದರೆ ಇದೇ. ಎಲ್ಲರೂ ತಿಂಡಿ ತಿನ್ನುತ್ತಿರುವಾಗ ಅವಳು ಬಂದು, ಉಗುರಿನಿಂದ ಕೆರೆದು ಕೆರೆದು ಅದನ್ನು ಕಿತ್ತು ಹಾಕಿದಳು. "ನಾನು ಪಾಲು ಕೇಳಿಲ್ಲ ಕಣೋ. ನಿಂಗೆ ಕನ್ನಡ ಅರ್ಥ ಆಗಲ್ವಾ?" ಚಲಪತಿ ನನ್ನ ಮುಖ ನೋಡಿದ, ಮೆಚ್ಚುತ್ತೇನೆ ಎಂದುಕೊಂಡು. ಅವನ ಪರಿಚಯವಾದ ಮೇಲೆ ಮೊದಲ ಸಲ ನಾನು ಅವನಿಗೆ ಎಲ್ಲರೆದುರು ಬೈದೆ. ಕ್ಷಮೆ ಕೇಳು ಎಂದೆ. ಅವನು ಕೇಳಿದ, ಆದರೆ ನನ್ನನ್ನು.

ಆ ಭಾನುವಾರ ಅವಳ ತಾಯಿ ಲಕ್ಷ್ಮೀದೇವಮ್ಮ ನನಗೆ ಫೋನು ಮಾಡಿದರು. "ಮೇಡಮ್ನೋರೆ, ನಿಮ್ ಮಾತು ಅಂದ್ರೆ ಕೇಳ್ತಾಳೆ. ಒಂದ್ಸಲ ಬಂದು ಬುದ್ಧಿ ಹೇಳಿ." ನನ್ನ ಮಾತನ್ನು ಅವಳು ಒಂದು ದಿನವೂ ಕೇಳಿದವಳಲ್ಲ ಎಂದು ಆ ತಾಯಿಗೆ ಹೇಗೆ ಹೇಳುವುದು. ಹೋದೆ.

ಸಮೇತನಹಳ್ಳಿಯ ಆ ಮನೆಯ ಹಜಾರದಲ್ಲಿ ಗೋಡೆ ಅಗಲದ ಟೀವಿ. ಸೋಫಾದಲ್ಲಿ ಊರಿನ ನಾಲ್ಕು ಜನ, ನಡುವೆ ಅಪ್ಪಯ್ಯಣ್ಣನವರ ದಾಯಾದಿ ಅಣ್ಣ ಕೊಂಡಪ್ಪ. ವೇಣುಗೋಪಾಲ್ ಬಿಳಿ ಅಂಗಿ ತೊಟ್ಟಿದ್ದ, ನಗುಮುಖದವನು. ನನಗೆ ಕುರ್ಚಿ ಹಾಕಿಸಿ, ಕಾಫಿ ತರಿಸಿ, "ನಿಮ್ಮಂಥೋರು ಬಂದಿದ್ದು ನಮ್ ಪುಣ್ಯ" ಎಂದ. ಕಾಫಿ ನನಗೆ ಪೇಪರ್ ಲೋಟದಲ್ಲಿ ಬಂತು, ಉಳಿದವರಿಗೆ ಸ್ಟೀಲ್ ಲೋಟದಲ್ಲಿ. ಮುಟ್ಟದೆ ಪಕ್ಕಕ್ಕಿಟ್ಟೆ. ವಾಣಿಶ್ರೀ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದವಳು ಆ ಲೋಟ ನೋಡಿದಳು, ತಲೆ ತಗ್ಗಿಸಿದಳು.

ವೇಣುಗೋಪಾಲ್ ಮೊಬೈಲು ಒತ್ತಿದ. ಟೀವಿಯಲ್ಲಿ ಶಂಖ ಮೊಳಗಿ ವಾಣಿಶ್ರೀ ಆಳೆತ್ತರಕ್ಕೆ ಕಾಣಿಸಿಕೊಂಡು, ಪಾಲು ಕೇಳುವ ಹೆಣ್ಣುಮಕ್ಕಳ ವಿರುದ್ಧ ಭಾಷಣ ಮಾಡಿದಳು. ಸೋಫಾದಲ್ಲಿದ್ದವರು ತಲೆದೂಗಿದರು. ಆ ವೇದಿಕೆ ಹಾಕಿದವಳು, ಆ ವಿಷಯ ಇಟ್ಟವಳು ನಾನು.

"ಕೇಳ್ಸಿಕೊಂಡ್ರಲ್ಲ ದೊಡ್ಡಪ್ಪ," ಎಂದ ವೇಣುಗೋಪಾಲ್. "ಊರಿಗೆಲ್ಲ ಹೇಳಿರೋಳು ಇವ್ಳೇ. ಈಗ ನಂಗ್ಯಾಕೆ ಅಡ್ಡ ಬರ್ತಾಳೆ ಕೇಳಿ."

"ನಾನು ಪಾಲು ಕೇಳ್ತಿಲ್ಲ ಅಣ್ಣ," ಎಂದಳು ವಾಣಿಶ್ರೀ. "ಇನ್ನೊಂದ್ಸಲ ಹಾಕು, ಪೂರ್ತಿ ಕೇಳು. ಕೇಳದೇ ಇರೋ ತನಕ ಎಲ್ಲಾ ನಮ್ಮದು ಅಂದಿದೀನಿ. ಎಲ್ಲಾ ನಮ್ಮದು ಅಂದ್ಮೇಲೆ ಮಾರೋಕೆ ನೀನೊಬ್ನೇ ಯಾರು? ನೀನು ಜಮೀನು ಇಟ್ಕೊಂಡು ಉಳ್ತೀನಿ ಅನ್ನು, ಹಾಲು ಕರೀತೀನಿ ಅನ್ನು, ಈಗಲೇ ಎಲ್ಲಾದಕ್ಕೂ ಸಹಿ ಹಾಕ್ತೀನಿ. ಮಾರಿಬಿಟ್ರೆ ಹಿರಿಯರ ಹಬ್ಬದ ದಿನ ಎಡೆ ಎಲ್ಲಿಡ್ತೀಯ? ಲೇಔಟಿನ ಗೇಟಲ್ಲಿ ವಾಚ್‌ಮನ್ ಕೈಗೆ ಕೊಟ್ಟು ಬರ್ತೀಯಾ?"

ವೇಣುಗೋಪಾಲನ ನಗು ಹೋಯಿತು. "ಈ ಕಾಲೇಜಿನೋರೇ ಇವ್ಳ ತಲೆ ಕೆಡ್ಸಿರೋದು" ಎಂದು ನನ್ನ ಕಡೆ ನೋಡಿದ. ಒಂದು ವರ್ಷದಿಂದ ಅವಳ ತಲೆಯನ್ನು ಬದಲಾಯಿಸಲು ಹೋಗಿ ಸೋತವಳು ನಾನು.

ಕೊನೆಗೆ ಕೊಂಡಪ್ಪ ಗಂಟಲು ಸರಿಮಾಡಿಕೊಂಡರು. "ಮಗಾ, ಕಾಲ ಹಂಗೈತೆ. ಸುತ್ತಮುತ್ತ ಎಲ್ಲಾ ಮಾರ್ಬಿಟ್ಟವ್ರೆ, ನಡುವೆ ನಮ್ದೊಂದು ಉಳಿಸ್ಕೊಂಡು ಬದ್ಕೋಕಾಗಲ್ಲ. ಆದ್ರೆ ನೀ ಹೇಳೋದ್ರಲ್ಲೂ ನ್ಯಾಯ ಐತೆ. ಸಮಾಧಿ ಇರೋ ಮೂಲೆ ಎರಡು ಗುಂಟೆ ಬಿಟ್ಟು, ದಾರಿ ಬಿಟ್ಟು, ಮಿಕ್ಕಿದ್ದು ಮಾರ್ಲಿ. ಏನ್ಲಾ ವೇಣು?"

ವೇಣುಗೋಪಾಲ್ ತಾಯಿಯ ತಲೆ ಮುಟ್ಟಿ ಆಣೆ ಮಾಡಿದ. ಸಮಾಧಿ ಜಾಗ ಬಿಟ್ಟೇ ಬರೆಸುತ್ತೇನೆ ಎಂದ. ವಾಣಿಶ್ರೀ ತಾಯಿಯ ಮುಖ ನೋಡಿ, "ಹಿರಿಯರು ಹೇಳಿದ್ಮೇಲೆ ಆಯ್ತು. ಸಹಿ ಹಾಕ್ತೀನಿ" ಎಂದಳು. ನನಗೆ ಕುದಿಯಿತು. ಅಷ್ಟು ಚೆನ್ನಾಗಿ ವಾದಿಸಿದವಳು, ಹಿರಿಯರು ಎಂದ ಕೂಡಲೇ ಸೋತುಬಿಟ್ಟಳು. ಹೊರಗೆ ಬಂದಾಗ ಅದನ್ನೇ ಹೇಳಿದೆ. "ಸೋಲಲ್ಲ ಮೇಡಂ, ಮಾತು ಕೊಟ್ರಲ್ಲ" ಎಂದಳು. ನೋಂದಣಿಯ ದಿನ ನೀವೂ ಬನ್ನಿ ಎಂದು ಕರೆದಳು.

ಗುರುವಾರ ಹನ್ನೊಂದು ಗಂಟೆ. ಹೊಸಕೋಟೆಯ ನೋಂದಣಿ ಕಚೇರಿಯ ಹೊರಗೆ ಜನವೋ ಜನ. ಪತ್ರ ಬರೆಯುವವರ ಮೇಜುಗಳ ಸುತ್ತ ಒಂದೊಂದು ಕುಟುಂಬ. ಎಲ್ಲ ಕುಟುಂಬದಲ್ಲೂ ಒಂದಿಬ್ಬರು ಹೆಂಗಸರು, ರೇಷ್ಮೆ ಸೀರೆ ಉಟ್ಟು, ಮದುವೆಗೆ ಬಂದವರ ಹಾಗೆ ಅಲಂಕರಿಸಿಕೊಂಡು, ಹೇಳಿದಲ್ಲಿ ಹೆಬ್ಬೆಟ್ಟು ಒತ್ತಲು ಕಾದಿದ್ದರು. ವೇಣುಗೋಪಾಲ್ ತಂಗಿಗೂ ಹೊಸ ಸೀರೆ ತಂದಿದ್ದ. ಅವಳು ಉಟ್ಟಿರಲಿಲ್ಲ. ಕೊಳ್ಳುವವರ ಕಡೆಯಿಂದ ಸುನಿಲ್‌ಕುಮಾರ್ ಎಂಬ ಮ್ಯಾನೇಜರ್ ಬಂದಿದ್ದ. ಅವನು ಗಡಿಯಾರ ನೋಡಿಕೊಳ್ಳುತ್ತ ನಿಂತಿದ್ದ.

"ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ," ಎಂದು ವೇಣುಗೋಪಾಲ್ ಪೆನ್ನು ಕೊಟ್ಟ.

ಅವಳು ಮೊದಲ ಹಾಳೆ ಕೈಗೆ ತೆಗೆದುಕೊಂಡು ಓದತೊಡಗಿದಳು.

"ಓದೋಕೆಲ್ಲ ಟೈಮಿಲ್ಲಮ್ಮ, ಟೋಕನ್ ಕರೀತಾರೆ," ಎಂದ ಸುನಿಲ್‌ಕುಮಾರ್.

"ಓದ್ದೇ ಸಹಿ ಹಾಕೋಕೆ ನಂಗೆ ಬರಲ್ಲ ಸಾರ್."

ಅವಳು ನಿಂತುಕೊಂಡೇ ಒಂದೊಂದೇ ಹಾಳೆ ತಿರುವುತ್ತ ಓದಿದಳು. ಕಾಲು ಗಂಟೆಯಾಯಿತು. ಲಕ್ಷ್ಮೀದೇವಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಹಾಕ್ಬಿಡೇ ತಾಯಿ, ಎಲ್ಲಾರೂ ನೋಡ್ತಾವ್ರೆ" ಎಂದರು. ಕೊನೆಯ ಹಾಳೆಯಲ್ಲಿ ಚಕ್ಕುಬಂದಿ ಇತ್ತು, ಮಾರುವ ಜಮೀನಿನ ನಾಲ್ಕು ದಿಕ್ಕಿಗೆ ಏನೇನಿದೆ ಎನ್ನುವ ವಿವರ. ಅಲ್ಲಿ ಅವಳ ಬೆರಳು ನಿಂತಿತು. ಅವಳು ಅದನ್ನು ಗಟ್ಟಿಯಾಗಿ ಓದಿದಳು, ಪಕ್ಕದ ಮೇಜಿನವರಿಗೂ ಕೇಳುವ ಹಾಗೆ.

"ದಕ್ಷಿಣಕ್ಕೆ ಸರ್ಕಾರಿ ರಸ್ತೆ. ಅಣ್ಣ, ರಸ್ತೆಗೂ ಹೊಲಕ್ಕೂ ನಡುವೆ ಅಪ್ಪನ ಸಮಾಧಿ ಅಲ್ವಾ ಇರೋದು? ಅದೂ ಸೇರಿ ಹೋಗಿದೆಯಲ್ಲ ಇಲ್ಲಿ."

ವೇಣುಗೋಪಾಲ್ ಪತ್ರ ಬರೆದವನ ಕಡೆ ನೋಡಿದ, ಅವನು ನೆಲ ನೋಡಿದ. "ಅದು ಆಮೇಲೆ ಸರಿ ಮಾಡ್ಸೋಣ. ರಸ್ತೆ ಬದಿ ಬಿಟ್ರೆ ಇವರು ತಗೊಳ್ಳಲ್ಲ ಅಂದ್ರು. ನೀನೀಗ ಹಾಕು."

"ಅಮ್ಮನ ತಲೆ ಮುಟ್ಟಿದ್ಯಲ್ಲ."

"ಹಾಕೇ ಅಂದ್ರೆ." ಅವನ ದನಿ ಏರಿತು. "ನಿನ್ ಹಾಸ್ಟೆಲ್ಲು, ನಿನ್ ಓದು, ನಾಳೆ ನಿನ್ ಮದುವೆ, ಎಲ್ಲಾ ಯಾರ್ ಮಾಡ್ಬೇಕು? ಹಾಕ್ದೇ ಇದ್ರೆ ಇವತ್ತಿಂದ ನಿಂಗೆ ಮನೆ ಇಲ್ಲ. ನಿನ್ ಪಾಲಿಗೆ ಅಣ್ಣ ಸತ್ತ ಅಂದ್ಕೊ."

ವಾಣಿಶ್ರೀ ಪೆನ್ನಿಗೆ ಕ್ಯಾಪು ಹಾಕಿ ಮೇಜಿನ ಮೇಲಿಟ್ಟಳು.

"ಸತ್ರೆ ಎಲ್ಲಿ ಹೂಳೋದು ಅಣ್ಣ? ಜಾಗ ಮಾರ್ತಿದ್ಯಲ್ಲ."

ವೇಣುಗೋಪಾಲ್ ಕೈ ಎತ್ತಿದ. ನಾನು ನಡುವೆ ಹೋಗಿ ನಿಂತೆ, ಏನು ಕೂಗಿದೆನೋ ನನಗೇ ನೆನಪಿಲ್ಲ, ಅಂತೂ ಅವನ ಕೈ ಕೆಳಗಿಳಿಯಿತು. ಸುನಿಲ್‌ಕುಮಾರ್ ಫೈಲು ಮಡಚಿಕೊಂಡು ಕಾರು ಹತ್ತಿದ. ತಾಯಿ ಮಗಳ ಕೈ ಹಿಡಿಯಲು ಒಂದು ಹೆಜ್ಜೆ ಮುಂದೆ ಬಂದರು, ಮಗ "ಅಮ್ಮ, ಬಾ" ಎಂದಾಗ ನಿಂತು, ತಿರುಗಿ ಮಗನ ಹಿಂದೆ ಹೋದರು. ಅವರು ಒಂದು ಸಲವೂ ಹಿಂದೆ ನೋಡಲಿಲ್ಲ. ಆ ತಾಯಿಯ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ನಾವಿಬ್ಬರೂ ಕ್ಯಾಂಪಸ್ಸಿನ ಬಸ್ಸು ಹತ್ತಿದೆವು. ಮಧ್ಯಾಹ್ನದ ಬಿಸಿಲು, ಅರ್ಧ ಖಾಲಿ ಬಸ್ಸು. ನಾನು ಬಾಯಿ ಮುಚ್ಚಲಿಲ್ಲ. ವೇಣುಗೋಪಾಲನನ್ನು ಬೈದೆ, ಅನಿಲ್‌ಕುಮಾರನನ್ನು ಬೈದೆ, ಲೇಔಟಿನವರ ವಂಶವನ್ನೆಲ್ಲ ಬೈದೆ. ಕಾನೂನು ನಿನ್ನ ಕಡೆ ಇದೆ, ಕೋರ್ಟಿನಿಂದ ತಡೆಯಾಜ್ಞೆ ತರೋಣ, ನನಗೆ ವಕೀಲರು ಗೊತ್ತು, ಹೆಣ್ಣುಮಕ್ಕಳು ಈ ಅಣ್ಣಂದಿರ ಕಣ್ಣೀರಿಗೆ ಕರಗಿಯೇ ಹಾಳಾಗಿದ್ದು ಎಂದೆ. ಎರಡು ಸ್ಟಾಪು ದಾಟಿದವು. ಕಿಟಕಿಯಾಚೆ ನೋಡುತ್ತಿದ್ದ ವಾಣಿಶ್ರೀ ನನ್ನ ಕಡೆ ತಿರುಗಿದಳು.

"ಮೇಡಂ, ನಿಮ್ಮ ಮನೇಲಿ ಭಾಗ ಆದಾಗ ನೀವೇನ್ ಮಾಡಿದ್ರಿ?"

ಕೆಣಕಲು ಕೇಳಿದ್ದಲ್ಲ. ನನ್ನಿಂದ ಏನಾದರೂ ದಾರಿ ಸಿಗಬಹುದು ಎಂದು ಕೇಳಿದ್ದು. ಸುಳ್ಳು ಹೇಳಬಹುದಿತ್ತು. ಆದರೆ ಆ ಹುಡುಗಿಗೆ, ಆ ದಿನ, ನಾಲಿಗೆ ಏಳಲಿಲ್ಲ.

"ಸಹಿ ಹಾಕ್ದೆ," ಎಂದೆ. "ಆರು ವರ್ಷ ಆಯ್ತು. ದೊಡ್ಡಬಳ್ಳಾಪುರದಲ್ಲಿ. ಓದ್ದೇನೇ ಹಾಕ್ದೆ."

"ಯಾಕೆ ಮೇಡಂ?"

"ನಮ್ಮಣ್ಣ ಬೇಜಾರು ಮಾಡ್ಕೊಳ್ತಾನೆ ಅಂತ."

ಸಹಿ ಆದ ಮೇಲೆ ನಮ್ಮಣ್ಣ ಕಾಂತರಾಜು ಎದುರಿನ ಹೋಟೆಲಿನಲ್ಲಿ ಮಸಾಲೆದೋಸೆ ಕೊಡಿಸಿದ್ದ, ನಾನು ಎರಡು ತಿಂದಿದ್ದೆ. ಮರುದಿನ ಕ್ಲಾಸಿನಲ್ಲಿ ಮಹಿಳೆಯರ ಆಸ್ತಿ ಹಕ್ಕಿನ ಪಾಠ ಮಾಡಿದ್ದೆ. ಅದನ್ನೆಲ್ಲ ಅವಳಿಗೆ ಹೇಳಲಿಲ್ಲ. ಅವಳು ಬೈಯುತ್ತಾಳೆ, ಯಾವ ಬಾಯಲ್ಲಿ ಇಷ್ಟು ದಿನ ಪಾಠ ಮಾಡಿದಿರಿ ಎಂದು ಕೇಳುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ನಮ್ಮಣ್ಣನಿಗೂ ಬೇಜಾರಾಯ್ತು ಮೇಡಂ," ಎಂದಳು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದವಳು, ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು.